ಮಂಡಕ್ಕಿ, ಮಡಕೆ, ಊರ ಹೆಸರು: ಕಾಲೇಜು ಲೈಬ್ರರಿಯಲ್ಲಿ ಹುಡುಕೋದು ಹೆಂಗ? ಗೊತ್ತಿದ್ದವರು ಹೇಳ್ರಿ

ಕೇಳಿದವರು: ಪದವಿ ವಿದ್ಯಾರ್ಥಿನಿ, ಕೊಪ್ಪಳ

ನಮಸ್ಕಾರ್ರಿ. ನಮ್ಮ ಕಾಲೇಜಿನ ಲೈಬ್ರರಿಗೆ ಹೋಗೋರೆಲ್ಲ ಪಠ್ಯಪುಸ್ತಕ ತರಾಕ ಹೋಗ್ತಾರ. ನನ್ನ ಪ್ರಶ್ನೆ ಬ್ಯಾರೆ ಅದಾವ. ಮಂಡಕ್ಕಿ ಅರಳ್ತದ, ಮನ್ಯಾಗಿನ ಅಕ್ಕಿ ಹುರಿದ್ರ ಯಾಕ ಅರಳಂಗಿಲ್ಲ? ಬ್ಯಾಸಗ್ಯಾಗ ತಣ್ಣಗಿರೋ ಮಡಕಿ ನೀರು ಶ್ರಾವಣದಾಗ ಯಾಕ ಹಂಗ ಇರಂಗಿಲ್ಲ? ಊರ ಹೆಸರಿನ ಮೂಲ ಎಲ್ಲಿ ನೋಡಬೇಕು? ಫೋನಿನಾಗ ಹುಡುಕಿದ್ರ ಒಬ್ರು ಬರೆದದ್ದನ್ನ ಹತ್ತು ಮಂದಿ ತಿರುವಿ ಹಾಕಿರ್ತಾರ. ಲೈಬ್ರರಿ ಕಂಪ್ಯೂಟರಿನಾಗ ‘ಮಂಡಕ್ಕಿ’ ಅಂತ ಹೊಡದ್ರ ಸೊನ್ನೆ ಬರ್ತದ. ಎಲ್ಲಿಂದ ಶುರು ಮಾಡ್ಲಿ?

ಗ್ರಂಥಪಾಲಕ, ಬಳ್ಳಾರಿ

ನೋಡಮ್ಮ, ಸೊನ್ನೆ ಬಂದದ್ದು ಪುಸ್ತಕ ಇಲ್ಲದ್ದಕ್ಕಲ್ಲ. ಕ್ಯಾಟಲಾಗ್‌ನಲ್ಲಿ ಇರುವುದು ಪುಸ್ತಕದ ಹೆಸರು, ಲೇಖಕರು ಮತ್ತು ಒಂದೆರಡು ವಿಷಯಪದ ಮಾತ್ರ, ಒಳಗಿನ ಪುಟ ಅದಕ್ಕೆ ಕಾಣುವುದಿಲ್ಲ. ಮಂಡಕ್ಕಿ ಎಂಬ ಹೆಸರಿನ ಪುಸ್ತಕ ಯಾರೂ ಬರೆದಿರಲಿಕ್ಕಿಲ್ಲ. ಧಾನ್ಯ ಸಂಸ್ಕರಣೆಯ ಪುಸ್ತಕದಲ್ಲಿ ಅದು ಎಂಟು ಹತ್ತು ಪುಟ ಇರುತ್ತದೆ. ಹಾಗಾಗಿ ಹುಡುಕುವ ಪದವನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸಬೇಕು: ಮಂಡಕ್ಕಿ, ಅಕ್ಕಿ, ಧಾನ್ಯ, ಆಹಾರ ತಂತ್ರಜ್ಞಾನ. ಯಾವ ಮೆಟ್ಟಿಲಲ್ಲಿ ಪುಸ್ತಕ ಸಿಕ್ಕರೂ ಅದರ ಕಾಲ್ ನಂಬರ್ (ಪುಸ್ತಕದ ಜಾಗ ಹೇಳುವ ಸಂಖ್ಯೆ) ಬರೆದುಕೊಂಡು ರ‍್ಯಾಕ್‌ಗೆ ಹೋಗಿ, ಆ ಪುಸ್ತಕದ ಎಡಬಲದ ಹತ್ತು ಪುಸ್ತಕಗಳ ಕೊನೆಯ ಪುಟಗಳನ್ನು ತೆರೆಯಿರಿ. ಅಲ್ಲಿರುವ ಪದಸೂಚಿಯೇ ನಿಮಗೆ ನಿಜವಾದ ಸರ್ಚ್.

ಹೆಚ್ಚಿನ ಕಾಲೇಜುಗಳಲ್ಲಿ ಪುಸ್ತಕಗಳನ್ನು ವಿಷಯವಾರು ನಂಬರ್ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿ ಇರುತ್ತದೆ. ನಿಮ್ಮ ಪ್ರಶ್ನೆಗಳಿಗೆ ಬೇಕಾದ ನಂಬರ್‌ಗಳು ಇಷ್ಟು: ಉಷ್ಣ 536, ಹವಾಮಾನ 551.5, ಭತ್ತದ ಬೆಳೆ 633.18, ಧಾನ್ಯ ಸಂಸ್ಕರಣೆ 664.7, ಜಾನಪದ 398, ಕನ್ನಡ ಭಾಷೆ 494.814, ಕರ್ನಾಟಕ ಇತಿಹಾಸ 954.87. ಚುಕ್ಕಿಯ ನಂತರದ್ದನ್ನು ದಶಮಾಂಶವಾಗಿಯೇ ಓದಬೇಕು. 551.46 ಬರುವುದು 551.5ಕ್ಕಿಂತ ಮೊದಲು. ‘ನಲವತ್ತಾರು ಐದಕ್ಕಿಂತ ದೊಡ್ಡದಲ್ಲವೇ’ ಎಂದು ಮುಂದಿನ ರ‍್ಯಾಕ್‌ಗೆ ಹೋಗಿ ‘ಪುಸ್ತಕ ಕಳೆದಿದೆ ಸರ್’ ಎನ್ನುವವರು ವಾರಕ್ಕೆ ಇಬ್ಬರಾದರೂ ಇರುತ್ತಾರೆ.

ಕನ್ನಡ ಪುಸ್ತಕಗಳನ್ನು ಬಹಳ ಕಡೆ ಬೇರೆ ರ‍್ಯಾಕ್‌ನಲ್ಲಿಟ್ಟಿರುತ್ತಾರೆ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರದಲ್ಲಿ ಏರಿಸಿರುತ್ತಾರೆ. ಒಂದೇ ಪದಕ್ಕೆ ಮೂರು ಸ್ಪೆಲಿಂಗ್ ಹಾಕಿ ನೋಡಿ. ಊರಿನ ಹೆಸರಿಗೂ ಇದೇ ತೊಡಕು: ಇಂಗ್ಲಿಷಿನಲ್ಲಿ ‘ಬೆಲ್ಲಾರಿ’ ಎಂದಿದ್ದದ್ದು ‘ಬಳ್ಳಾರಿ’ ಆದದ್ದು 2014ರಲ್ಲಿ. ಅದಕ್ಕಿಂತ ಹಳೆಯ ಪುಸ್ತಕ ಹೊಸ ಸ್ಪೆಲಿಂಗ್‌ಗೆ ಸಿಗುವುದಿಲ್ಲ.

ಕೇಳಲು ಸಂಕೋಚ ಬೇಡ. ಓದುಗರ ಸಮಯ ಉಳಿಸು ಎಂದು ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಲ್ಲೇ ನಮಗೆ ನಿಯಮ ಬರೆದಿಟ್ಟಿದ್ದಾರೆ. ಇಂಟರ್ನಲ್ಸ್ ವಾರದಲ್ಲಿ ಮಾತ್ರ ಬರಬೇಡಿ.

ಆಹಾರ ಸಂಸ್ಕರಣೆ ವಿಭಾಗದವರು, ರಾಯಚೂರು

ಮಂಡಕ್ಕಿಗೆ ಬರ್ತೀನ್ರಿ. ಮೊದಲು ಪದ ಸರಿಮಾಡಿಕೊಳ್ಳಬೇಕು, ಯಾಕಂದ್ರೆ ನಮ್ಮಲ್ಲಿ ಅರಳು, ಮಂಡಕ್ಕಿ, ಅವಲಕ್ಕಿ ಮೂರೂ ಬೇರೆ ಬೇರೆ, ಪುಸ್ತಕದಲ್ಲೂ ಬೇರೆ. ಅರಳು ‘ಪಾಪ್ಡ್’, ಮಂಡಕ್ಕಿ ‘ಪಫ್ಡ್’ ಅಥವಾ ‘ಎಕ್ಸ್‌ಪ್ಯಾಂಡೆಡ್’, ಅವಲಕ್ಕಿ ‘ಫ್ಲೇಕ್ಡ್’. ‘ಪಫ್ಡ್ ರೈಸ್’ಗೆ ಏನೂ ಬರದಿದ್ದರೆ ‘ಎಕ್ಸ್‌ಪ್ಯಾಂಡೆಡ್ ರೈಸ್’ ಹೊಡೆಯಿರಿ, ಅದೂ ಇಲ್ಲದಿದ್ದರೆ ‘ಪಾರ್‌ಬಾಯ್ಲಿಂಗ್’, ಅಂದ್ರೆ ಭತ್ತ ಕುದಿಸುವುದು. ಮೂರನೆಯದು ಯಾವ ಧಾನ್ಯದ ಪುಸ್ತಕದ ಪದಸೂಚಿಯಲ್ಲೂ ಇದ್ದೇ ಇರುತ್ತದೆ, ಮಂಡಕ್ಕಿ ಅದರ ಬಾಲದಲ್ಲಿ ಬರುತ್ತದೆ.

ಅಲ್ಲಿ ಸಿಗುವ ವಿವರ ಹೀಗಿದೆ. ಭತ್ತವನ್ನು ನೆನೆಸಿ ಬೇಯಿಸಿದಾಗ ಪಿಷ್ಟ ಬೆಂದು ಅಂಟಾಗಿ, ಒಣಗಿದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ಹೊಟ್ಟು ತೆಗೆದ ಆ ಅಕ್ಕಿಗೆ ಉಪ್ಪುನೀರು ಹಚ್ಚಿ, ಸಣ್ಣ ಉರಿಯಲ್ಲಿ ಬಾಡಿಸಿ, ತೇವವನ್ನು ಶೇ. 10–11ಕ್ಕೆ ತರುತ್ತಾರೆ. ಆಮೇಲೆ ಸುಮಾರು 250 ಡಿಗ್ರಿಯ ಮರಳಿನಲ್ಲಿ ಹತ್ತು ಸೆಕೆಂಡ್. ಗಾಜಿನಂಥ ಪಿಷ್ಟ ಮೆತ್ತಗಾಗುವುದೂ ಒಳಗಿನ ನೀರು ಆವಿಯಾಗುವುದೂ ಒಂದೇ ಹೊತ್ತಿಗೆ ಆಗುತ್ತದೆ, ಕಾಳು ಉಬ್ಬುತ್ತದೆ. ಮರಳು ಯಾಕೆಂದರೆ ಅದು ಕಾಳಿನ ಎಲ್ಲ ಮೈಗೂ ತಾಗುತ್ತದೆ. ಬರೀ ಬಾಣಲೆಯಲ್ಲಿ ಒಂದು ಮಗ್ಗುಲು ಸೀದು ಇನ್ನೊಂದು ಹಸಿಯೇ ಉಳಿಯುತ್ತದೆ. ನಿಮ್ಮ ಮನೆ ಅಕ್ಕಿ ಬೆಂದಿಲ್ಲದ ಅಕ್ಕಿ: ಆವಿ ಬಿರುಕಿನಲ್ಲಿ ಹೊರಟುಹೋಗುತ್ತದೆ, ತಡೆದು ಹಿಡಿಯಲು ಒಳಗೆ ಏನೂ ಇಲ್ಲ. ತೇವ ಹೆಚ್ಚಾದರೆ ಕಾಳು ಸರಿಯಾಗಿ ಉಬ್ಬದೆ ಗಟ್ಟಿಯಾಗುತ್ತದೆ, ತೀರಾ ಕಡಿಮೆಯಾದರೆ ಆವಿಯೇ ಸಾಲದೆ ಕಪ್ಪಾಗುತ್ತದೆ. ಪಂಚಮಿಗೆ ಹುರಿಯುವ ಜೋಳದ ಅರಳಿಗೆ ಮೊದಲು ಬೇಯಿಸುವ ಕೆಲಸವೇ ಇಲ್ಲ, ಕಾಳಿನ ಸಿಪ್ಪೆಯೇ ಅಲ್ಲಿ ಕುಕ್ಕರ್.

ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ, ಅವರ ಲೇಖನಗಳನ್ನು ಕೇಳಿ. ಬಿ.ಎ. ಕಾಲೇಜಿನಲ್ಲಿ 664.7ರ ರ‍್ಯಾಕ್ ಖಾಲಿ ಇದ್ದರೆ ಪ್ರಾಂಶುಪಾಲರಿಂದ ಒಂದು ಪತ್ರ ಬರೆಸಿಕೊಂಡು, ಹೊರಗಿನವರಿಗೆ ಕೂತು ಓದಲು ಬಿಡುತ್ತಾರೋ ಎಂದು ಮೊದಲೇ ಫೋನ್ ಮಾಡಿ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನೋಡಿ.

ಭೌತಶಾಸ್ತ್ರ ಉಪನ್ಯಾಸಕಿ, ಸಿಂಧನೂರು

ಮಡಕೆಗೆ ಪಿಯು ಪುಸ್ತಕದ ‘ಆವಿಯಾಗುವಾಗ ಶಾಖ ಹೀರುತ್ತದೆ’ ಎಂಬ ಸಾಲು ಸಾಲದು, ಎಷ್ಟು ಎಂದು ಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ. ಅಂದರೆ 10 ಲೀಟರಿನ ಮಡಕೆಯಿಂದ 100 ಮಿಲಿ ಜಿನುಗಿ ಆರಿದರೆ, ಹೊರಗಿನ ಶಾಖ ಒಳಬರದಿದ್ದರೆ, ನೀರು 5–6 ಡಿಗ್ರಿ ಇಳಿಯುತ್ತದೆ.

ಎಲ್ಲಿಯವರೆಗೆ ಇಳಿಯಬಹುದು ಎಂಬುದಕ್ಕೆ ಭೌತಶಾಸ್ತ್ರದ ರ‍್ಯಾಕ್ ಬಿಟ್ಟು ಮೆಕ್ಯಾನಿಕಲ್‌ನವರ 621.56ಕ್ಕೆ ಹೋಗಿ. ಶೈತ್ಯೀಕರಣದ ಪುಸ್ತಕಗಳ ಕೊನೆಯಲ್ಲಿ ಸೈಕ್ರೊಮೆಟ್ರಿಕ್ ಚಾರ್ಟ್ (ಗಾಳಿಯ ಉಷ್ಣತೆ, ತೇವಾಂಶದ ನಕ್ಷೆ) ಮಡಚಿಟ್ಟಿರುತ್ತಾರೆ, ಯಾರೋ ಹರಿದುಕೊಂಡು ಹೋಗಿರದಿದ್ದರೆ. ಕೆಳಗಿನ ಗೆರೆಯಲ್ಲಿ ಗಾಳಿಯ ಉಷ್ಣತೆ ಹಿಡಿದು, ನೇರ ಮೇಲಕ್ಕೆ ಆರ್ದ್ರತೆಯ ಬಾಗಿದ ಗೆರೆವರೆಗೆ ಹೋಗಿ, ಅಲ್ಲಿಂದ ಓರೆ ಗೆರೆ ಹಿಡಿದು ಎಡಕ್ಕೆ ಏರಿದರೆ ಸಿಗುವುದು ಆರ್ದ್ರ ಬಲ್ಬ್ ಉಷ್ಣತೆ, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವುದು. ಮಡಕೆ ಅದಕ್ಕಿಂತ ಕೆಳಗೆ ಹೋಗದು. ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿ, ಶೇ. 20 ಆರ್ದ್ರತೆಗೆ ಅದು ಸುಮಾರು 23. ಮಳೆಗಾಲದ 32 ಡಿಗ್ರಿ, ಶೇ. 75ಕ್ಕೆ ಸುಮಾರು 28. ಮೊದಲನೆಯದರಲ್ಲಿ 17 ಡಿಗ್ರಿ ಅಂತರ, ಎರಡನೆಯದರಲ್ಲಿ ನಾಲ್ಕೇ. ಶ್ರಾವಣದ ಉತ್ತರ ಇಷ್ಟೇ.

ಬೇಸಿಗೆಯಲ್ಲೂ ಹಳೇ ಮಡಕೆ ತಣ್ಣಗಾಗದಿದ್ದರೆ ಬೋರ್‌ವೆಲ್ ನೀರಿನ ಸುಣ್ಣ ರಂಧ್ರಗಳಲ್ಲಿ ಕೂತಿದೆ ಎಂದು ತಿಳಿಯಿರಿ. ಹೊರಗೆ ಪೇಂಟ್ ಬಳಿದ ಮಡಕೆಯೂ ಅಷ್ಟೇ.

ಶಾಸನ ಅಧ್ಯಯನದವರು, ಕಂಪ್ಲಿ

ತಂಗಿ, ಊರ ಹೆಸರಿಗೆ ಸ್ಥಳಪುರಾಣ ಕೊನೆಗೆ ಓದು, ಮೊದಲು ಹಳೆಯ ರೂಪ ಹುಡುಕು. ನಿಮ್ಮೂರೇ ನೋಡು: ‘ಕೊಪ್ಪಳ’ ಎಂಬ ಇಂದಿನ ರೂಪ ಹಿಡಿದು ‘ಕೊಪ್ಪ’ ಅಂದರೆ ಸಣ್ಣ ಹಳ್ಳಿ ಎಂದುಬಿಟ್ಟರೆ ಸುಲಭ. ಆದರೆ ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ, ಶಾಸನಗಳಲ್ಲಿ ಅದು ‘ಕೊಪಣ’. ಅರ್ಥ ಹೇಳುವವರು ಆ ಣಕಾರಕ್ಕೆ ಲೆಕ್ಕ ಕೊಡಬೇಕು.

ಯಾವ ಕಪಾಟು ಎಂಬುದು ಹಳೆಯ ಗಡಿಗಳ ಮೇಲೆ ನಿಂತಿದೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಆದ್ದರಿಂದ ಅಲ್ಲಿಯ ಶಾಸನ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 9ನೇ ಸಂಪುಟದಲ್ಲಿ, ಹಳೆಯ ಗೆಜೆಟಿಯರ್ (ಜಿಲ್ಲೆಯ ಸರ್ಕಾರಿ ವಿವರಗ್ರಂಥ) ಮದ್ರಾಸ್ ಮಾಲೆಯಲ್ಲಿ, 1904ರದ್ದು. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗ. ಕೊಪ್ಪಳ ಜಿಲ್ಲೆಯಾದದ್ದೇ 1997ರಲ್ಲಿ, ಅದಕ್ಕೂ ಹಿಂದಿನದ್ದೆಲ್ಲ ರಾಯಚೂರು ಸಂಪುಟದ ಒಳಗೆ. ಹಂಪಿ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟ ತಂದಿದೆ. ಕೊನೆಯ ಸ್ಥಳನಾಮಸೂಚಿಯಿಂದ ಶುರು ಮಾಡು.

ನಂತರ ನಿಘಂಟು: ಕಿಟೆಲ್‌ರದ್ದು, 1894, ಕನ್ನಡ ಸಾಹಿತ್ಯ ಪರಿಷತ್ತಿನದು, 8 ಸಂಪುಟ. ‘ಹ’ದಲ್ಲಿ ಸಿಗದಿದ್ದರೆ ‘ಪ’ದಲ್ಲಿ ನೋಡು, ಹಳ್ಳಿ ಹಿಂದೆ ಪಳ್ಳಿಯೇ. ಪರಿಷತ್ತಿನದರಲ್ಲಿ ಸೊನ್ನೆಯಿರುವ ಪದಗಳು ಆ ಅಕ್ಷರದ ಮೊದಲಿಗೇ ಬರುತ್ತವೆ, ಕ್ಷ ‘ಕ’ದಲ್ಲಿ, ಜ್ಞ ‘ಜ’ದಲ್ಲಿ.

ಸಂಶೋಧನಾ ವಿದ್ಯಾರ್ಥಿ, ಬಳ್ಳಾರಿ

ಎರಡು ಸೇರಿಸ್ತೀನಿ. ಕಾಲೇಜು ಎನ್‌-ಲಿಸ್ಟ್ ಸದಸ್ಯತ್ವ ಪಡೆದಿದ್ದರೆ ಲೈಬ್ರರಿಯಲ್ಲಿ ಇಮೇಲ್ ಕೊಟ್ಟು ಐಡಿ ಮಾಡಿಸಿಕೊಳ್ಳಿ, ಮನೆಯಿಂದಲೇ ಇ-ಪುಸ್ತಕ ತೆರೆಯುತ್ತವೆ. ಪಿಎಚ್.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾಕ್ಕೆ ಐಡಿಯೂ ಬೇಡ. ಅಲ್ಲಿ ಪ್ರಬಂಧ ಅಧ್ಯಾಯವಾರು ಫೈಲ್ ಆಗಿರುತ್ತದೆ: ಮೊದಲು ಗ್ರಂಥಋಣದ ಫೈಲ್ ತೆರೆದು ಅದರಲ್ಲಿರುವ ಯಾವ ಪುಸ್ತಕ ನಿಮ್ಮ ಲೈಬ್ರರಿಯಲ್ಲಿದೆ ನೋಡಿ. ಹಳೆಯ ಕನ್ನಡ ಪ್ರಬಂಧಗಳನ್ನು ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿರುವುದರಿಂದ ಒಳಗೆ ಪದ ಹುಡುಕಿದರೆ ಸಿಗುವುದಿಲ್ಲ, ಕಣ್ಣಾಡಿಸಿಯೇ ಓದಬೇಕು.

ಕೇಳಿದವರು

ಭಾಳ ಉಪಕಾರ ಆತ್ರಿ ಎಲ್ಲರಿಗೂ. ಒಂದ ತೊಂದ್ರಿ: ಗೆಜೆಟಿಯರ್, ನಿಘಂಟು ಮನಿಗೆ ಕೊಡಂಗಿಲ್ಲ ಅಂತಾರ.

ಗ್ರಂಥಪಾಲಕ, ಬಳ್ಳಾರಿ

ರೆಫರೆನ್ಸ್ ವಿಭಾಗದ್ದು ಎಲ್ಲೂ ಕೊಡುವುದಿಲ್ಲಮ್ಮ. ಬೇಕಾದ ಪುಟದ ಜೊತೆಗೆ ಶೀರ್ಷಿಕೆ ಪುಟವನ್ನೂ ಜೆರಾಕ್ಸ್ ಮಾಡಿಸಿ, ಅದರ ಹಿಂದೆ ಕಾಲ್ ನಂಬರ್, ಪುಟಸಂಖ್ಯೆ ಬರೆದಿಡಿ. ಫೋನಿನಲ್ಲಿ ಫೋಟೊ ತೆಗೆಯುವುದಾದರೆ ಕೌಂಟರಿನಲ್ಲಿ ಮೊದಲು ಕೇಳಿ. ಓದಿದ ಪುಸ್ತಕವನ್ನು ನೀವೇ ರ‍್ಯಾಕ್‌ಗೆ ಸೇರಿಸಬೇಡಿ, ಮೇಜಿನ ಮೇಲೆ ಬಿಡಿ. ಒಂದು ಸಾಲು ಆಚೀಚೆ ಆದರೂ ಮುಂದಿನ ಸ್ಟಾಕ್ ವೆರಿಫಿಕೇಶನ್‌ವರೆಗೆ ಅದು ಯಾರಿಗೂ ಸಿಗುವುದಿಲ್ಲ.