ಶಾಲೆ ವಿಲೀನ ಬೇಡ ಅಂತ ಎಂಎಲ್‌ಎಗೆ ಪತ್ರ ಬರೆದರೆ ಏನಾದರೂ ಆಗುತ್ತದಾ?

ಹೊಳೆಬದಿಯವಳು:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಮಲೆನಾಡು ಕಡೆಯವಳು, ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿದ್ದೇನೆ. ಮಕ್ಕಳು ಹದಿನಾಲ್ಕು, ಮೇಷ್ಟ್ರು ಒಬ್ಬರೇ. ಅವರು ಮೀಟಿಂಗಿಗೆ ಹೋದ ದಿನ ಬಿಸಿಯೂಟದ ಅಕ್ಕನೇ ಮಕ್ಕಳನ್ನು ಜಗಲಿ ಮೇಲೆ ಕೂರಿಸಿ ಮಗ್ಗಿ ಹೇಳಿಸುತ್ತಾಳೆ. ಈಗ ಹೊಸ ಸುದ್ದಿ. ನಮ್ಮ ಶಾಲೆಯನ್ನು ದೊಡ್ಡ ಶಾಲೆಗೆ ಸೇರಿಸುತ್ತಾರಂತೆ. ಆದೇಶ ಯಾರೂ ನೋಡಿಲ್ಲ, ಆದರೆ ಎಲ್ಲರ ಬಾಯಲ್ಲೂ ಅದೇ ಮಾತು. ಆ ಶಾಲೆ ಹೊಳೆ ಆಚೆ ಇದೆ. ಬೇಸಿಗೆಯಲ್ಲಿ ಹೇಗೋ ನಡೆದೀತು, ಆಷಾಢ ಬಂತೆಂದರೆ ಕಾಲುಸಂಕದ (ನಡೆದು ದಾಟುವ ಸಣ್ಣ ಸೇತುವೆ) ಅಡಿಕೆ ದಬ್ಬೆಗೆ ಹಾವಸೆ ಹಿಡಿದು ನಾವೇ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತೇವೆ, ಇನ್ನು ಒಂದನೇ ಕ್ಲಾಸಿನ ಮಗುವನ್ನು ದಿನಾ ಯಾರು ದಾಟಿಸುವುದು?

"ಅಧಿವೇಶನಕ್ಕೆ ಮೊದಲು ಎಲ್ಲರೂ ನಿಮ್ಮ ಶಾಸಕರಿಗೆ ಬರೆಯಿರಿ" ಅಂತ ವಾಟ್ಸಾಪಿನಲ್ಲಿ ಒಂದು ಮೆಸೇಜು ಓಡಾಡುತ್ತಿದೆ. ಬರೆದರೆ ಓದುತ್ತಾರಾ? ಏನಂತ ಬರೆಯಬೇಕು? ಗೊತ್ತಿದ್ದವರು ಹೇಳಿ.

ಖಾಲಿಜೇಬು:
ಅಕ್ಕಾ, ಅಂಚೆ ಖರ್ಚು ದಂಡ. ಓಟಿನ ಟೈಮಲ್ಲಿ ಮನೆ ಬಾಗಿಲಿಗೆ ಬರುತ್ತಾರೆ, ಆಮೇಲೆ ನಾವು ಅವರ ಬಾಗಿಲು ಕಾಯಬೇಕು. ಇದು ಮೇಲಿನವರು ಮಾಡುವ ತೀರ್ಮಾನ. ಹದಿನಾಲ್ಕು ಮಕ್ಕಳ ಶಾಲೆಗೆ ಎಷ್ಟು ಓಟು ಇರುತ್ತದೆ, ನೀವೇ ಲೆಕ್ಕ ಹಾಕಿ.

ಹಳೇ ಪಿಎ:
ಖಾಲಿಜೇಬು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ನಾನು ಕೆಲವು ವರ್ಷ ಒಬ್ಬ ಶಾಸಕರ ಕಚೇರಿಯಲ್ಲಿ ಕೆಲಸ ಮಾಡಿದವನು. ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ.

ವಾಟ್ಸಾಪ್ ಫಾರ್ವರ್ಡ್ ಯಾರೂ ಓದುವುದಿಲ್ಲ. ಒಂದೇ ಮೆಸೇಜು ನೂರು ನಂಬರಿಂದ ಬಂದರೆ ಒಂದನ್ನು ನೋಡಿ ಉಳಿದದ್ದನ್ನೆಲ್ಲ ಡಿಲೀಟ್ ಮಾಡುತ್ತಾರೆ. ಬೆಳಿಗ್ಗೆ ಬಂದು ಕೂರುವವರಲ್ಲಿ ಜಾಸ್ತಿ ಜನ ಆಸ್ಪತ್ರೆ ಬಿಲ್ಲು, ವರ್ಗಾವಣೆ, ಮದುವೆ ಕರೆಯೋಲೆ, ಪೊಲೀಸ್ ಸ್ಟೇಷನ್ನಿಗೆ ಒಂದು ಫೋನು ಅಂತ ಬಂದವರು. ಸರ್ಕಾರದ ಒಂದು ನೀತಿ ತಪ್ಪು, ಬದಲಿಸಿ ಅಂತ ಕಾಗದ ಹಿಡಿದು ಬರುವವರು ಬಹಳ ಕಮ್ಮಿ. ಅದಕ್ಕೇ ಅಂಥವರ ಪತ್ರ ಕಣ್ಣಿಗೆ ಬೀಳುತ್ತದೆ.

ಆದರೆ ಮುಕ್ಕಾಲು ಪತ್ರ ಎಲ್ಲಿ ಸಾಯುತ್ತದೆ ಗೊತ್ತಾ? ಷರಾದಲ್ಲಿ. ಶಾಸಕರು ಮೂಲೆಯಲ್ಲಿ "ಪರಿಶೀಲಿಸಿ ಕ್ರಮ ಕೈಗೊಳ್ಳಿ" ಅಂತ ಬರೆದು ಸಹಿ ಹಾಕಿ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಕಳಿಸುತ್ತಾರೆ. ನಿಮಗೂ ಖುಷಿ, ಅವರಿಗೂ ಕೆಲಸ ಮುಗಿಯಿತು. ಬಿಇಒ ಏನು ಮಾಡಲು ಸಾಧ್ಯ ಹೇಳಿ, ವಿಲೀನದ ತೀರ್ಮಾನ ಅವರದಲ್ಲ. ನಿಮ್ಮ ಕಾಗದ ಫೈಲು ಸೇರುತ್ತದೆ ಅಷ್ಟೆ.

ಅದಕ್ಕೆ "ಕ್ರಮ ಕೈಗೊಳ್ಳಿ" ಅಂತ ಕೇಳಬೇಡಿ, "ಸದನದಲ್ಲಿ ಪ್ರಶ್ನೆ ಕೇಳಿ" ಅಂತ ಕೇಳಿ. ಚುಕ್ಕೆ ಗುರುತಿನ ಪ್ರಶ್ನೆ ಆದರೆ ಸಚಿವರು ಸದನದಲ್ಲೇ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಾದರೆ ಲಿಖಿತ ಉತ್ತರ ಬರುತ್ತದೆ. ಎರಡರಲ್ಲಿ ಯಾವುದಾದರೂ ಸರಿ. ವಿಧಾನಸೌಧದಿಂದ ಪ್ರಶ್ನೆ ಹೋದ ಕೂಡಲೇ ಇಲಾಖೆಯವರು ಜಿಲ್ಲೆ, ತಾಲೂಕು ಅಂತ ಫೋನು ಮಾಡಿ ಮಾಹಿತಿ ತರಿಸಿಕೊಳ್ಳುತ್ತಾರೆ, ಯಾಕೆಂದರೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿ (ಸದನದ ಹಕ್ಕಿಗೆ ಧಕ್ಕೆ) ಆಗುತ್ತದೆ ಅನ್ನುವ ಹೆದರಿಕೆ ಎಲ್ಲ ಅಧಿಕಾರಿಗಳಿಗೂ ಇದೆ. ನಿಮ್ಮೂರಲ್ಲಿ ಯಾರೂ ನೋಡದ ಆ ಆದೇಶ ಇದೆಯೋ ಇಲ್ಲವೋ ಅಂತ ಅವತ್ತು ಬರಹದಲ್ಲಿ ಸಿಗುತ್ತದೆ. ಉತ್ತರವನ್ನು ವಿಧಾನಸಭೆಯ ಜಾಲತಾಣದಲ್ಲೂ ಹಾಕುತ್ತಾರೆ.

ಪ್ರಶ್ನೆಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ಓಡಿದರೆ ಬಸ್ಸು ತಪ್ಪಿದ ಹಾಗೆ. ದಿನಾಂಕ ಪ್ರಕಟವಾದ ವಾರದಲ್ಲೇ ಪತ್ರ ಕೊಡಿ, ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ.

ಖಾಲಿಜೇಬು:
ಉತ್ತರ ಬರುತ್ತದೆ ಸರ್, "ಪರಿಶೀಲನೆಯಲ್ಲಿದೆ" ಅಂತ ಒಂದೇ ಪದದ್ದು. ಅದನ್ನು ಫ್ರೇಮ್ ಹಾಕಿಸಿ ಶಾಲೆ ಗೋಡೆಗೆ ನೇತು ಹಾಕುವುದಾ?

ಜಯನಗರದ ಜಗಳಗಂಟಿ:
ಅಣ್ಣಾ ಖಾಲಿಜೇಬು, ಸರ್ಕಾರ ಯಾವತ್ತೂ ಹಿಂದೆ ಸರಿಯುವುದಿಲ್ಲ ಅನ್ನಬೇಡಿ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಕಟ್ಟುತ್ತೇವೆ ಅಂತ ಹೊರಟಿದ್ದರು. ಅಕ್ಟೋಬರಿನಲ್ಲಿ ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು, 2017ರ ಮಾರ್ಚಿನಲ್ಲಿ ಯೋಜನೆ ಕೈಬಿಟ್ಟರು. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿತ್ತು. ಉದ್ಯಮದವರು ಬಾಯಿ ಬಿಟ್ಟರು ನೋಡಿ, ಎರಡೇ ದಿನದಲ್ಲಿ ತಡೆಹಿಡಿದರು. ಆ ಮಸೂದೆ ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಜಗಳ. ಅವರಿಗೆ ಯಾರಿಗೆ, ಯಾವಾಗ ಹೇಳಬೇಕು ಅಂತ ಗೊತ್ತಿತ್ತು. ನಾವು ಮಾತ್ರ ಎಲ್ಲ ಮುಗಿದ ಮೇಲೆ ಟೀ ಅಂಗಡಿಯಲ್ಲಿ ಬೈಯುತ್ತೇವೆ, ಅಲ್ವಾ?

ಇನ್ನೊಂದು ಮಾತು. ಮೊದಲಾದರೆ ಇಂಥದ್ದಕ್ಕೆ ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಸದಸ್ಯರು ಸಿಗುತ್ತಿದ್ದರು. ಆ ಚುನಾವಣೆ ಕೊನೆಗೆ ನಡೆದದ್ದು 2016ರಲ್ಲಿ, ಅವಧಿ 2021ಕ್ಕೇ ಮುಗಿಯಿತು. ಗ್ರಾಮ ಪಂಚಾಯಿತಿ ದಾಟಿದರೆ ಹಳ್ಳಿಯವರಿಗೆ ಸಿಗುವುದು ನೇರವಾಗಿ ಎಂಎಲ್‌ಎ. ಅವರನ್ನೂ ಕೇಳಬೇಡಿ ಅಂದರೆ ಇನ್ಯಾರನ್ನು ಕೇಳುವುದು?

ಹೈಸ್ಕೂಲ್ ಮೇಷ್ಟ್ರು:
ಮೇಡಂ, ಪತ್ರದಲ್ಲಿ ಕಾನೂನಿನ ಎರಡು ಸಾಲು ಇರಲಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಪಟ್ಟಿಯ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ ಇದ್ದರೂ ಇಬ್ಬರು ಶಿಕ್ಷಕರು ಬೇಕು. ನಿಮ್ಮಲ್ಲಿ ಹದಿನಾಲ್ಕೇ ಮಕ್ಕಳು ಅನ್ನುವುದು ಒಬ್ಬರನ್ನೇ ಇಡಲು ಕಾರಣ ಅಲ್ಲ. ಎರಡನೆಯದು ದೂರ. ನಮ್ಮ ರಾಜ್ಯದ 2012ರ ನಿಯಮದಲ್ಲಿ 5ನೇ ತರಗತಿವರೆಗಿನ ಮಕ್ಕಳಿಗೆ 1 ಕಿ.ಮೀ. ಒಳಗೆ ಶಾಲೆ ಇರಬೇಕು ಅಂತ ಇದೆ. ಕೇಂದ್ರದ 2010ರ ನಿಯಮಗಳಲ್ಲಂತೂ ನೆರೆ, ಭೂಕುಸಿತ, ರಸ್ತೆ ಇಲ್ಲದ ಕಡೆ ಮಕ್ಕಳಿಗೆ ಅಪಾಯ ಆಗದ ಹಾಗೆ ಆ ದೂರವನ್ನು ಇನ್ನೂ ಕಮ್ಮಿ ಮಾಡಬೇಕು ಅಂತಲೇ ಇದೆ. ನಿಮ್ಮ ಕಾಲುಸಂಕಕ್ಕೇ ಬರೆದ ಹಾಗಿದೆ ನೋಡಿ.

ವಿಧಾನ ಪರಿಷತ್ತನ್ನು ಮರೆಯಬೇಡಿ. ಅಲ್ಲಿನ 75 ಜನರಲ್ಲಿ 7 ಜನ ಶಿಕ್ಷಕರ ಕ್ಷೇತ್ರದಿಂದ, 7 ಜನ ಪದವೀಧರರ ಕ್ಷೇತ್ರದಿಂದ ಬಂದವರು. ಶಾಲೆ ವಿಷಯ ಅವರಿಗೆ ಬೇಗ ತಲುಪುತ್ತದೆ. (ತಮಾಷೆ ಅಂದರೆ ಶಿಕ್ಷಕರ ಕ್ಷೇತ್ರದಲ್ಲಿ ನಮ್ಮಂಥ ಹೈಸ್ಕೂಲಿನವರಿಗೆ ಓಟಿದೆ, ನಿಮ್ಮ ಪ್ರಾಥಮಿಕ ಶಾಲೆ ಮೇಷ್ಟ್ರಿಗೆ ಇಲ್ಲ.) ಅದೇ ಪತ್ರದ ಒಂದು ಪ್ರತಿ ಅವರಿಗೂ ಹೋಗಲಿ. ಪತ್ರಕ್ಕೆ ಎಸ್‌ಡಿಎಂಸಿ ಠರಾವು, ಸಾಧ್ಯವಾದರೆ ಗ್ರಾಮಸಭೆ ಠರಾವನ್ನೂ ಲಗತ್ತಿಸಿ. ಬರೀ ಸಹಿ ಪಟ್ಟಿಗಿಂತ ಠರಾವಿಗೆ ತೂಕ ಜಾಸ್ತಿ.

ಶಿಕಾಗೋ ಸೀನ:
ನಾನು ಇರುವುದು ಇಲಿನಾಯ್‌ನಲ್ಲಿ. ಇಲ್ಲಿ ರಾಜ್ಯದ ಶಾಸನಸಭೆಯಲ್ಲಿ ಮಸೂದೆ ಸಮಿತಿ ಮುಂದೆ ಬಂದಾಗ ಯಾರು ಬೇಕಾದರೂ ಆನ್‌ಲೈನಿನಲ್ಲಿ ಒಂದು ಚೀಟಿ ತುಂಬಬಹುದು, ಪರ ಇದ್ದೇವೋ ವಿರೋಧ ಇದ್ದೇವೋ ಅಂತ. ಅದು ದಾಖಲೆಗೆ ಹೋಗುತ್ತದೆ. ಹಾಗಂತ ಎಲ್ಲ ನಮ್ಮ ಇಷ್ಟದಂತೆ ಆಗುತ್ತದೆ ಅಂತಲ್ಲ. ಊರಲ್ಲಿ ಗಲಾಟೆ ನಡುವೆ ಚರ್ಚೆಯೇ ಇಲ್ಲದೆ ಮಸೂದೆ ಪಾಸಾಗುವುದನ್ನು ಯೂಟ್ಯೂಬಿನಲ್ಲಿ ನೋಡುವಾಗ ಹೊಟ್ಟೆ ಉರಿಯುತ್ತದೆ ಅಷ್ಟೆ.

ಹೊಳೆಬದಿಯವಳು:
ಎಲ್ಲರಿಗೂ ಥ್ಯಾಂಕ್ಸ್. ಖಾಲಿಜೇಬು ಅವರಿಗೂ. ನಿನ್ನೆ ಸಂಜೆ ಕೂತು ಪತ್ರ ಬರೆದೆವು. ಮುಖ್ಯ ಭಾಗ ಇಲ್ಲಿ ಹಾಕಿದ್ದೇನೆ, ನೋಡಿ ಹೇಳಿ:

"ಮಾನ್ಯರೇ, ನಮ್ಮ ಶಾಲೆಯನ್ನು ಹೊಳೆ ಆಚೆಯ ಶಾಲೆಯೊಂದಿಗೆ ವಿಲೀನ ಮಾಡುವ ಪ್ರಸ್ತಾವ ಇದೆಯೇ? ಇದ್ದರೆ ಮಳೆಗಾಲದಲ್ಲಿ ಮಕ್ಕಳು ಹೊಳೆ ದಾಟಲು ಏನು ವ್ಯವಸ್ಥೆ ಮಾಡಲಾಗಿದೆ? ಈ ಶಾಲೆಗೆ ಮಂಜೂರಾದ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವಾಗ ತುಂಬುತ್ತಾರೆ? ಈ ಪ್ರಶ್ನೆಗಳನ್ನು ತಾವು ಮುಂದಿನ ಅಧಿವೇಶನದಲ್ಲಿ ಶಾಲಾ ಶಿಕ್ಷಣ ಸಚಿವರಿಗೆ ಕೇಳಬೇಕೆಂದು ಕೋರುತ್ತೇವೆ."

ಕೊನೆಗೆ ಶಾಸಕರ ನಿಧಿಯಿಂದ ಒಂದು ಕೊಠಡಿ, ಒಬ್ಬ ಶಿಕ್ಷಕರನ್ನೂ ಕೊಡಿ ಅಂತ ಸೇರಿಸೋಣ ಅಂತ ಕೆಲವರು ಹೇಳುತ್ತಿದ್ದಾರೆ.

ಹಳೇ ಪಿಎ:
ಪ್ರಶ್ನೆ ಚೆನ್ನಾಗಿದೆ, ಹಾಗೇ ಇರಲಿ. ನಿಧಿ ವಿಷಯ ತೆಗೆದುಬಿಡಿ. ವರ್ಷಕ್ಕೆ 2 ಕೋಟಿ ರೂಪಾಯಿಯ ಆ ದುಡ್ಡಿನಲ್ಲಿ ಕೊಠಡಿ ಕಟ್ಟಿಸಬಹುದು, ಮೇಷ್ಟ್ರನ್ನು ನೇಮಿಸಲು ಬರುವುದಿಲ್ಲ. ಕೊಠಡಿ ಕೇಳಿದಿರೋ, ಅವರು ಕೊಠಡಿ ಕೊಟ್ಟು ಭೂಮಿಪೂಜೆ ಮಾಡಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ನಿಮ್ಮ ಪ್ರಶ್ನೆ ಅಲ್ಲೇ ಉಳಿಯುತ್ತದೆ. ಕಾಲುಸಂಕದ ಬದಲು ಕಿರುಸೇತುವೆ ಬೇಕಿದ್ದರೆ ಅದಕ್ಕೆ ಬೇರೆಯೇ ಪತ್ರ ಕೊಡಿ.

ಮಳೆಗಾಲದ ಕಾಲುಸಂಕದ ಒಂದು ಫೋಟೋ ಇದ್ದರೆ ಹಚ್ಚಿ. ಶಾಲೆ ಹೆಸರಿನ ಪಕ್ಕ ಡೈಸ್ ಕೋಡ್ (ಶಾಲೆಯ ಗುರುತಿನ ಸಂಖ್ಯೆ) ತಪ್ಪದೆ ಬರೆಯಿರಿ, ಒಂದೇ ತಾಲೂಕಿನಲ್ಲಿ ಒಂದೇ ಹೆಸರಿನ ಊರು ಎರಡು ಮೂರು ಇರುತ್ತವೆ, ಇನ್ಯಾವುದೋ ಊರಿನ ಲೆಕ್ಕ ಸದನಕ್ಕೆ ಹೋದೀತು.