ಏರು ಹತ್ತುವಾಗ ಮಾತ್ರ ಹೀಟ್ ಆಗುವ ಹಳೆ ಫೋರ್ ಬೈ ಫೋರ್: ಹೆಡ್ ಇಳಿಸುವ ಮೊದಲು ಏನು ನೋಡಲಿ?

ಕೆಸರುದಾರಿ:
ಎಲ್ಲರಿಗೂ ನಮಸ್ಕಾರ. ನನ್ನದು ಹಳೆ ಡೀಸೆಲ್ ಫೋರ್ ಬೈ ಫೋರ್. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ, ಫ್ಯಾನ್ ಬೆಲ್ಟ್ ಮೇಲೆ ಓಡುವಂಥದ್ದು. ಎಸಿ ಆಮೇಲೆ ಹಾಕಿಸಿದ್ದು. ಹೆದ್ದಾರಿಯಲ್ಲಿ ಎಷ್ಟು ಹೊತ್ತು ಓಡಿಸಿದರೂ ಟೆಂಪರೇಚರ್ ಮುಳ್ಳು ನಡುವೆ ಅಲ್ಲಾಡದೆ ಕೂತಿರುತ್ತದೆ. ಕಲ್ಲುದಾರಿಗೆ ಇಳಿದು, ಲೋ ರೇಂಜ್ (ನಿಧಾನ ವೇಗಕ್ಕೆ, ಹೆಚ್ಚು ಎಳೆತಕ್ಕೆ ಇರುವ ಗೇರ್) ಹಾಕಿ ಏರು ಹತ್ತಲು ಶುರು ಮಾಡಿದರೆ ಮಾತ್ರ ನಿಧಾನಕ್ಕೆ ಏರುತ್ತಾ ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಇಳಿಜಾರು ಬಂದರೆ ತಾನೇ ಇಳಿಯುತ್ತದೆ.

ವಾಟರ್ ಪಂಪ್, ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ತೆರೆಯುವ ಕವಾಟ), ಮೇಲಿನ ಹೋಸ್ ಎಲ್ಲ ಹೊಸದು. ಕೂಲಂಟ್ (ಎಂಜಿನ್ ತಣಿಸುವ ನೀರು) ಕೂಡ ಬದಲಾಗಿದೆ, ಕಡಿಮೆಯೂ ಆಗುತ್ತಿಲ್ಲ. ಏನೂ ವ್ಯತ್ಯಾಸ ಇಲ್ಲ. ಮೆಕ್ಯಾನಿಕ್ ಈಗ ಎರಡು ದಾರಿ ಹೇಳುತ್ತಿದ್ದಾರೆ: ಒಂದು, ಥರ್ಮೋಸ್ಟಾಟ್ ಕಿತ್ತು ಹಾಗೇ ಓಡಿಸಿ. ಇನ್ನೊಂದು, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬೇಕು, ಹೆಡ್ ಇಳಿಸೋಣ. ನನಗೆ ಎರಡೂ ಯಾಕೋ ಸರಿ ಅನ್ನಿಸುತ್ತಿಲ್ಲ. ಏನು ಮಾಡಲಿ?

ಹಳೇಡೀಸೆಲ್:
ಎರಡೂ ಬೇಡ ಸರ್. ಸ್ವಲ್ಪ ತಡೆಯಿರಿ.

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಅರ್ಧ ಇದೆ. ಗಾಡಿ ಹೀಟ್ ಆಗುತ್ತದೆ ಅನ್ನುವುದಕ್ಕಿಂತ ಯಾವಾಗ ಆಗುತ್ತದೆ ಅನ್ನುವುದು ಮುಖ್ಯ. ವೇಗದಲ್ಲಿ ಓಡುವಾಗ ಬಿಸಿಯಾದರೆ ನೀರಿನ ಕಡೆ ಅನುಮಾನ ಪಡಬೇಕು: ಒಳಗೆ ಕಟ್ಟಿಕೊಂಡ ರೇಡಿಯೇಟರ್, ಎಲೆ ಸವೆದ ಪಂಪ್, ಎಳೆತಕ್ಕೆ ಒಳಗೆ ಕುಸಿಯುವ ಕೆಳಗಿನ ಹೋಸ್. ನಿಧಾನ ಹೋಗುವಾಗ ಬಿಸಿಯಾಗಿ, ವೇಗದಲ್ಲಿ ತಣ್ಣಗಿದ್ದರೆ ಗಾಳಿಯ ಕಡೆ ನೋಡಬೇಕು. ಹೆದ್ದಾರಿಯಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ. ಲೋ ರೇಂಜ್‌ನಲ್ಲಿ ನಡಿಗೆ ವೇಗದಲ್ಲಿ ಹೋಗುವಾಗ ಎಲ್ಲಾ ಭಾರ ಫ್ಯಾನಿನ ಮೇಲೆ. ಎಂಜಿನ್ ದುಡಿಯುತ್ತಿರುತ್ತದೆ, ಗಾಳಿ ಮಾತ್ರ ಇರುವುದಿಲ್ಲ. ನಿಮ್ಮದು ಗಾಳಿಯ ತೊಂದರೆ. ಇಷ್ಟು ದಿನ ಬದಲಾಯಿಸಿದ್ದೆಲ್ಲ ನೀರಿನ ಕಡೆಯ ಸಾಮಾನು.

ಇನ್ನು ಥರ್ಮೋಸ್ಟಾಟ್ ಕೀಳುವ ಸಲಹೆ. ಇದನ್ನು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ತುಂಬಾ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂದಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಒಂದಿಷ್ಟು ಬಿಸಿನೀರು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಬ್ಲಾಕಿಗೆ ಹೋಗುತ್ತದೆ. ಏರಿನಲ್ಲಿ ಇನ್ನೂ ಜಾಸ್ತಿ ಬಿಸಿ, ಚಳಿಯಲ್ಲಿ ಎಂಜಿನ್ ಬಿಸಿಯಾಗುವುದೇ ಇಲ್ಲ. ಥರ್ಮೋಸ್ಟಾಟ್ ಮೇಲೆ ಅನುಮಾನ ಇದ್ದರೆ ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ನೋಡಿ. ಅದರ ಮೇಲೆಯೇ 82 ಅಥವಾ 88 ಅಂತ ಡಿಗ್ರಿ ಒತ್ತಿರುತ್ತದೆ. ಸುಮಾರು ಅಷ್ಟಕ್ಕೆ ಬಾಯಿ ಬಿಡಬೇಕು.

ನಿಮ್ಮ ಫ್ಯಾನಿಗೆ ವಿಸ್ಕಸ್ ಕ್ಲಚ್ (ಬಿಸಿಯಾದಾಗ ಮಾತ್ರ ಫ್ಯಾನನ್ನು ಬಿಗಿ ಹಿಡಿಯುವ ಜೋಡಣೆ) ಇದೆಯಾ, ಅಥವಾ ನೇರ ಪುಲ್ಲಿಗೆ ಬೋಲ್ಟ್ ಮಾಡಿದ್ದಾ? ಸುತ್ತ ಶ್ರೌಡ್, ಅಂದರೆ ಗಾಳಿ ರೇಡಿಯೇಟರ್ ಮೂಲಕವೇ ಬರುವಂತೆ ಮಾಡುವ ಕವಚ, ಇದೆಯಾ?

ವೈರಿಂಗ್_ಮಾವ:
ಅದಕ್ಕೂ ಮೊದಲು ಮುಳ್ಳು ನಿಜ ಹೇಳುತ್ತಿದೆಯಾ ನೋಡಿ. ಎಂಜಿನ್ ಬಿಸಿ ಇರುವಾಗ ಹೆಡ್‌ಲೈಟ್, ಹೀಟರ್ ಬ್ಲೋಯರ್ ಒಟ್ಟಿಗೆ ಆನ್ ಮಾಡಿ. ಮುಳ್ಳು ತಕ್ಷಣ ಜಿಗಿದರೆ ಅರ್ಥಿಂಗ್ ಕೆಟ್ಟಿದೆ. ಲೈಟ್ ಹಾಕಿದ ಕ್ಷಣಕ್ಕೆ ನೀರು ಬಿಸಿಯಾಗಲ್ಲ ಅಲ್ವಾ! ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಥರ್ಮೋಸ್ಟಾಟ್ ಕೂತಿರುವ ಜಾಗಕ್ಕೆ ಹಿಡಿದು ಅಳೆಯಿರಿ.

ಕೆಸರುದಾರಿ:
ಮಾವ, ಲೈಟ್ ಹಾಕಿದರೆ ಮುಳ್ಳು ಅಲ್ಲಾಡಲಿಲ್ಲ. ಥರ್ಮಾಮೀಟರಿನಲ್ಲೂ ಬಿಸಿ ನಿಜವೇ ಅಂತ ಗೊತ್ತಾಯಿತು.

ಹಳೇಡೀಸೆಲ್ ಅಣ್ಣ, ವಿಸ್ಕಸ್ ಕ್ಲಚ್ ಇದೆ. ಶ್ರೌಡ್ ಇದೆ, ಕೆಳಗಿನ ತುಂಡು ಮಾತ್ರ ಇಲ್ಲ, ಹಿಂದಿನ ಮಾಲೀಕರ ಕಾಲದಲ್ಲೇ ಹೋಗಿದೆ. ಹೆಡ್ ಗ್ಯಾಸ್ಕೆಟ್ ಅಲ್ಲ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಹಳೇಡೀಸೆಲ್:
ಗ್ಯಾಸ್ಕೆಟ್ ವಿಷಯ ಬೇಗ ಮುಗಿಸೋಣ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಮೊದಲ ನಿಮಿಷದಿಂದಲೇ ಗುಳ್ಳೆ ಬಿಡದೆ ಬರುತ್ತಿದ್ದರೆ, ಅಥವಾ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದಾಗ ನೀರು ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಅನುಮಾನ ಪಡಿ. ಕೂಲಂಟಿನಲ್ಲಿ ಎಕ್ಸಾಸ್ಟ್ ಗ್ಯಾಸ್ ಇದ್ದರೆ ಬಣ್ಣ ಬದಲಾಗುವ ಟೆಸ್ಟ್ ಕಿಟ್ ಸಿಗುತ್ತದೆ, ಡೀಸೆಲ್‌ಗೆ ಆಗುವಂಥದ್ದೇ ಕೇಳಿ. ಇದ್ಯಾವುದೂ ಮಾಡದೆ ಹೆಡ್ ಇಳಿಸುವುದು ಸುಮ್ನೆ ದುಡ್ಡು ದಂಡ. ನಿಮ್ಮ ಕೂಲಂಟ್ ಕಡಿಮೆಯಾಗುತ್ತಿಲ್ಲ, ಇಳಿಜಾರಿನಲ್ಲಿ ತಾನೇ ತಣಿಯುತ್ತದೆ. ಗ್ಯಾಸ್ಕೆಟ್ ಹೋದ ಗಾಡಿ ಸಾಮಾನ್ಯವಾಗಿ ಇಷ್ಟು ಮರ್ಯಾದಸ್ಥವಾಗಿರುವುದಿಲ್ಲ.

ಈಗ ಕ್ಲಚ್. ಅದರ ಒಳಗೆ ಸಿಲಿಕೋನ್ ಎಣ್ಣೆ ಇರುತ್ತದೆ, ಮುಂದೆ ಸುರುಳಿಯಾಕಾರದ ಒಂದು ಪಟ್ಟಿ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಆ ಸುರುಳಿ ತಿರುಗಿ ಎಣ್ಣೆಗೆ ದಾರಿ ಬಿಡುತ್ತದೆ, ಫ್ಯಾನ್ ಬಿಗಿ ಹಿಡಿಯುತ್ತದೆ. ಏರು ಹತ್ತಿ ಮುಳ್ಳು ಮೇಲೆ ಹೋದಾಗ ಗಾಡಿ ನಿಲ್ಲಿಸಿ ಕಿವಿಗೊಡಿ. ಫ್ಯಾನ್ ಭರ್ರೋ ಅನ್ನಬೇಕು. ಶಬ್ದವೇ ಇಲ್ಲದಿದ್ದರೆ ಕ್ಲಚ್ ಹಿಡಿಯುತ್ತಿಲ್ಲ. ಆಮೇಲೆ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಬಿಸಿ ಇರುವಾಗಲೇ ಕೈಯಲ್ಲಿ ಫ್ಯಾನ್ ತಳ್ಳಿ. ಬಿಗಿಯಾಗಿ ನಿಂತರೆ ಸರಿ. ಸಲೀಸಾಗಿ ಸುತ್ತು ಹೊಡೆದರೆ ಹೋಗಿದೆ. ಸುರುಳಿಯ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿಕೊಂಡಿದ್ದರೆ ಎಣ್ಣೆ ಸೋರಿದೆ ಅಂತಲೇ ಅರ್ಥ.

ಎಸಿ ಆಮೇಲೆ ಹಾಕಿಸಿದ್ದು ಅಂದಿರಿ. ಹಾಗಾದರೆ ರೇಡಿಯೇಟರಿನ ಮುಂದೆ ಕಂಡೆನ್ಸರ್, ಅಂದರೆ ಎಸಿಯ ಬಿಸಿ ಹೊರಹಾಕುವ ಜಾಲರಿ, ಇರುತ್ತದೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಚೊಕ್ಕಟವಾಗಿ ಕಾಣುತ್ತದೆ, ಕೆಸರು ಕೂರುವುದು ಅದರ ಹಿಂದೆ, ಎರಡರ ನಡುವೆ. ರಾತ್ರಿ ಎಂಜಿನ್ ಕಡೆಯಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಬೆಳಕು ಕಾಣದ ಜಾಗದಲ್ಲಿ ಗಾಳಿಯೂ ಹೋಗುವುದಿಲ್ಲ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ಪೈಪಿನಲ್ಲಿ. ಪ್ರೆಶರ್ ವಾಷರ್ ಹಿಡಿದರೆ ಫಿನ್‌ಗಳು ಮಡಚಿಕೊಳ್ಳುತ್ತವೆ.

ಶ್ರೌಡಿನ ಕೆಳಗಿನ ತುಂಡು ಮಾಡಿಸಿ ಹಾಕಿ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರಿನಿಂದ ಗಾಳಿ ಎಳೆಯುವ ಬದಲು ಎಂಜಿನ್ ಬೇಯಲ್ಲಿರುವ ಬಿಸಿಗಾಳಿಯನ್ನೇ ತಿರುಗಾ ಮುರುಗಾ ಸುತ್ತಿಸುತ್ತದೆ. ತಗಡಿನಲ್ಲಿ ಮಾಡಿಸಿದರೂ ನಡೆಯುತ್ತದೆ, ಎಲೆಗೆ ತಾಗದಷ್ಟು ಜಾಗ ಬಿಡಿ.

ರೇಡಿಯೇಟರ್_ಪ್ರಿಯ:
ಮುಚ್ಚಳವನ್ನೂ ಮರೆಯಬೇಡಿ. ಮೇಲೆ 0.9 (ಬಾರ್) ಅಥವಾ 13 (ಪಿಎಸ್ಐ) ಅಂತ ಬರೆದಿದ್ದರೆ ಅಷ್ಟು ಒತ್ತಡ ಅದು ತಡೆಯಬೇಕು. ಆ ಒತ್ತಡ ಇದ್ದರೇ ಕೂಲಂಟ್ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುವುದು. ರಬ್ಬರ್ ಬಿರುಕು ಬಿಟ್ಟಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ ಬದಲಾಯಿಸಿ. ಬಿಸಿ ಇರುವಾಗ ಮಾತ್ರ ದಯವಿಟ್ಟು ಮುಚ್ಚಳ ಮುಟ್ಟಬೇಡಿ.

ಕೆಸರುದಾರಿ:
ಟಾರ್ಚ್ ಹಿಡಿದು ನೋಡಿದೆ. ಮೇಲಿನ ಭಾಗದಲ್ಲಿ ಬೆಳಕು ಸರಿಯಾಗಿ ಬರುತ್ತದೆ, ಕೆಳಗಿನ ಮೂರನೇ ಒಂದು ಭಾಗ ಪೂರ್ತಿ ಕತ್ತಲೆ. ಕಂಡೆನ್ಸರ್ ಸಡಿಲಿಸಿ ಮುಂದಕ್ಕೆ ಬಾಗಿಸಿದರೆ ಒಣಗಿದ ಕೆಸರು, ಹುಲ್ಲಿನ ಬೀಜ, ರೆಕ್ಕೆ ಹುಳ ಎಲ್ಲ ಸೇರಿ ಕಂಬಳಿ ಹೊದಿಸಿದಂತೆ ಕೂತಿತ್ತು. ತೊಳೆದೆ. ಈಗ ಅದೇ ಏರಿನಲ್ಲಿ ಮುಳ್ಳು ತಡವಾಗಿ ಏರುತ್ತದೆ, ಆದರೆ ಏರುವುದು ನಿಂತಿಲ್ಲ. ಗುಳ್ಳೆ ಇಲ್ಲ. ಬಿಸಿ ಇರುವಾಗ ಫ್ಯಾನ್ ತಳ್ಳಿದರೆ ಒಂದೇ ಬೆರಳಿಗೆ ಸುತ್ತು ಹೊಡೆಯುತ್ತದೆ. ಹೊಸ ಕ್ಲಚ್ ತರಿಸುತ್ತಿದ್ದೇನೆ. ಅದು ಬರುವವರೆಗೆ ಗಾಡಿ ತೆಗೆಯಲೇಬೇಕಾದರೆ?

ಹಳೇಡೀಸೆಲ್:
ಏರು ಬಿಟ್ಟು ಓಡಿಸಿ. ಹತ್ತಲೇಬೇಕಾದರೆ ಎಸಿ ಆಫ್, ಹೀಟರ್ ಪೂರ್ತಿ ಆನ್, ಕಿಟಕಿ ತೆರೆದು. ಬೆವರು ಸುರಿಯುತ್ತದೆ, ಆದರೆ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್. ಮುಳ್ಳು ಏರಿದರೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೀರು ತಿರುಗಲು ಬಿಡಿ. ಆವಿ ಎದ್ದರೆ ಅಥವಾ ಕೂಲಂಟ್ ಸೋರುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ.

ಕ್ಲಚ್ ಬಂದ ಮೇಲೆ ಮಲಗಿಸಿ ಇಡಬೇಡಿ, ಗಾಡಿಯಲ್ಲಿ ಕೂರುವ ಹಾಗೆ ನಿಲ್ಲಿಸಿ ಇಡಿ, ಇಲ್ಲವಾದರೆ ಎಣ್ಣೆ ಸೋರಬಹುದು. ಬಿಚ್ಚುವ ಮೊದಲು ನಟ್ ಯಾವ ಕಡೆಗೆ ತಿರುಗುತ್ತದೆ ವಿಚಾರಿಸಿಕೊಳ್ಳಿ. ಕೆಲವು ಎಂಜಿನ್‌ಗಳಲ್ಲಿ ಅದು ಉಲ್ಟಾ ಥ್ರೆಡ್. ಗೊತ್ತಿಲ್ಲದೆ ಬಲ ಹಾಕಿದರೆ ಹೊಸ ಪಂಪ್ ಶಾಫ್ಟ್‌ಗೆ ಪೆಟ್ಟು.