ಪ್ರಶ್ನೋತ್ತರ: ನಿನ್ನೆ ಶುರುವಾದ ಕಂಪನಿಯನ್ನು ಜನ ಯಾಕೆ ನಂಬಬೇಕು?

ನಿರ್ವಾಹಕರು: ಹೊಸ ಉದ್ಯಮಗಳಿಗೆ ಸಲಹೆ ಕೊಡುವ ಮೇಡಂ ಇವತ್ತು ನಮ್ಮ ಜೊತೆ ಇರ್ತಾರೆ. ಗ್ರಾಹಕರು, ಬ್ಯಾಂಕು, ಹೂಡಿಕೆದಾರರ ನಂಬಿಕೆ ಗಳಿಸೋದರ ಬಗ್ಗೆ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ಆರ್.ಎಸ್.: ಮೇಡಂ, ಕಂಪನಿ ನೋಂದಣಿ ಆಗಿದೆ, ವೆಬ್‌ಸೈಟ್ ಇದೆ. ಆದರೂ ದೊಡ್ಡ ಗ್ರಾಹಕರು ಭೇಟಿಗೇ ಸಮಯ ಕೊಡ್ತಿಲ್ಲ. ಇನ್ನೇನು ಬೇಕು?

ಸಲಹೆಗಾರ್ತಿ: ನೋಂದಣಿಯಿಂದ ನೀವು ಕಾನೂನಿನ ಪ್ರಕಾರ ಇದ್ದೀರಿ ಅಂತ ಗೊತ್ತಾಗುತ್ತೆ, ಅಷ್ಟೇ. ಕೊಳ್ಳುವವರ ಚಿಂತೆ ಬೇರೆ. ಮುಂದಿನ ವರ್ಷ ನೀವು ಇರ್ತೀರಾ? ನಡುವೆ ಕೈಬಿಟ್ಟರೆ ಅವರ ಕೆಲಸದ ಗತಿ ಏನು? ಚಿಕ್ಕದೊಂದು ಕೆಲಸ ಸರಿಯಾಗಿ ಮುಗಿಸಿಕೊಡಿ. ಆ ಗ್ರಾಹಕರು ನಿಮ್ಮ ಬಗ್ಗೆ ಫೋನಿನಲ್ಲಿ ಮಾತಾಡೋಕೆ ಒಪ್ಪಿದರೆ ವೆಬ್‌ಸೈಟಿಗಿಂತ ಅದು ಹೆಚ್ಚು ತೂಗುತ್ತೆ.

ಎಂ.ಪಿ.: ಕೆಲಸಕ್ಕೆ ಒಳ್ಳೆಯವರನ್ನು ಕರೆದರೆ "ನಿಮ್ಮ ಕಂಪನಿ ಹೆಸರೇ ಕೇಳಿಲ್ಲ" ಅಂತಾರೆ. ಸಂಬಳ ಜಾಸ್ತಿ ಅಂದರೂ ಬರ್ತಿಲ್ಲ. ಏನು ಮಾಡಲಿ?

ಜಿ.ಕೆ.: ಇನ್ನೊಂದು ಗುಂಪಿನಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗುತ್ತೆ: "ಒಂದೇ ವಾರದಲ್ಲಿ ಗ್ರಾಹಕರ ನಂಬಿಕೆ!! ಸಲಹಾ ಮಂಡಳಿಗೆ ದೊಡ್ಡ ಹೆಸರು ಸೇರಿಸಿ. ದುಡ್ಡು ಕಟ್ಟಿದರೆ ಸಿಗುವ ಪ್ರಶಸ್ತಿ ತಗೊಳ್ಳಿ. ಐವತ್ತು ಒಳ್ಳೆ ರಿವ್ಯೂ ಬರೆಸಿ. ಹತ್ತು ಜನರಿಗೆ ಕಳಿಸಿ."

ಸಲಹೆಗಾರ್ತಿ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಗ್ರಾಹಕರಿಗೆ ಮಾಡುವ ಮೋಸ. ದೊಡ್ಡ ಹೆಸರು ಬೇಕೇ? 2003ರಲ್ಲಿ ಶುರುವಾದ ಥೆರಾನೋಸ್ ಅನ್ನೋ ರಕ್ತಪರೀಕ್ಷೆ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಮಂತ್ರಿಗಳಾದ ಜಾರ್ಜ್ ಶುಲ್ಟ್ಜ್, ಹೆನ್ರಿ ಕಿಸಿಂಜರ್ ಇಬ್ಬರೂ ಇದ್ದರು. ಯಂತ್ರ ಹೇಳಿದಂತೆ ಕೆಲಸ ಮಾಡ್ತಿರಲಿಲ್ಲ. 2015ರಲ್ಲಿ ಪತ್ರಿಕೆ ಬಯಲಿಗೆಳೆಯಿತು, 2018ರಲ್ಲಿ ಕಂಪನಿ ಮುಚ್ಚಿತು.

ಎಸ್.ಬಿ.: ಮೇಡಂ, ನೋಂದಣಿ ಮಾಡಿಸಿದರೆ ಜನ ನಂಬ್ತಾರಾ?

ಸಲಹೆಗಾರ್ತಿ: ಮೇಲೆ ಹೇಳಿದ್ದೇನೆ.

ಡಿ.ವಿ.: ಮೇಡಂ, ನಾವು ಇಬ್ಬರು ಸೇರಿ ಲಸಿಕೆ ಇಡುವ ಫ್ರಿಜ್‌ನ ತಾಪಮಾನ ಏರುಪೇರಾದರೆ ಎಚ್ಚರಿಸುವ ಸಾಧನ ಮಾಡಿದ್ದೇವೆ. ಒಂದು ಆಸ್ಪತ್ರೆಯಲ್ಲಿ ಪ್ರಯೋಗ ನಡೀತಿದೆ. ಇನ್ನೊಂದು ದೊಡ್ಡ ಆಸ್ಪತ್ರೆಗೆ ಕೊಟ್ಟ ಪ್ರಸ್ತಾವದಲ್ಲಿ "ಮೂರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ" ಅಂತ ಬರೆದುಬಿಟ್ಟೆವು. ಆಯ್ಕೆ ಆಗಿದ್ದೇವೆ. ಈಗ ಆ ಮೂರೂ ಕಡೆಯವರ ಹತ್ತಿರ ಮಾತಾಡಬೇಕಂತೆ. ಪರಿಚಯದ ಇಬ್ಬರು ಡಾಕ್ಟರು "ಹೌದು ಅಂತೀವಿ ಬಿಡಿ" ಅಂದಿದ್ದಾರೆ.

ಸಲಹೆಗಾರ್ತಿ: ಬೇಡ. ಆ ಡಾಕ್ಟರುಗಳಿಗೆ ಇವತ್ತೇ ಬೇಡ ಅಂತ ಹೇಳಿ. ಆಸ್ಪತ್ರೆಯವರು ಕೇಳುವ ಮುಂಚೆ ನೀವೇ ಫೋನ್ ಮಾಡಿ "ಒಂದೇ ಕಡೆ ಇದೆ, ಅದೂ ಪ್ರಯೋಗ, ತಪ್ಪು ಬರೆದೆವು" ಅನ್ನಿ. ಆರ್ಡರ್ ಹೋಗಬಹುದು. ಗೊತ್ತಿದ್ದೇ ಹೇಳ್ತಿದ್ದೇನೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತೀನಿ ಅಂದರೆ, ಹೊಸ ಸಂಸ್ಥೆಗಳು ಹಳೆಯವಕ್ಕಿಂತ ಬೇಗ ಬೀಳೋದು ಯಾಕೆ ಅಂತ ಸಮಾಜಶಾಸ್ತ್ರಜ್ಞ ಆರ್ಥರ್ ಸ್ಟಿಂಚ್‌ಕೋಂಬ್ 1965ರಲ್ಲೇ ಬರೆದಿದ್ದರು. ಅಪರಿಚಿತರ ನಂಬಿಕೆಯ ಮೇಲೇ ಎಲ್ಲ ನಿಂತಿರುತ್ತೆ ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಹಳೆ ಕಂಪನಿ ಒಂದು ಸಲ ತಪ್ಪಿದರೆ ಹತ್ತು ವರ್ಷದ ಒಳ್ಳೆ ಕೆಲಸ ಅದರ ಪರವಾಗಿ ಮಾತಾಡುತ್ತೆ. ನಿಮ್ಮ ಪರ ಮಾತಾಡೋಕೆ ಆ ಪ್ರಸ್ತಾವ ಬಿಟ್ಟು ಏನೂ ಇಲ್ಲ.

ಮತ್ತೆ ಇದು ಲಸಿಕೆ. ಬಹುಪಾಲು ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಡಬೇಕು. ಕೆಲವು ಹೆಪ್ಪುಗಟ್ಟಿದರೆ ಹಾಳು. ಆಸ್ಪತ್ರೆಯಲ್ಲಿ ಒಬ್ಬೊಬ್ಬರು ಒಂದೊಂದು ನೋಡ್ತಾರೆ. ಔಷಧಿ ಉಗ್ರಾಣದವರಿಗೆ ರಾತ್ರಿ ಎರಡಕ್ಕೆ ಎಚ್ಚರಿಕೆ ಬರುತ್ತಾ ಅನ್ನೋದು, ಲೆಕ್ಕಪತ್ರದವರಿಗೆ ನೀವು ಉಳೀತೀರಾ ಅನ್ನೋದು, ಮುಖ್ಯಸ್ಥರಿಗೆ ನಾಳೆ ಎಡವಟ್ಟಾದರೆ ಜವಾಬು ಯಾರದು ಅನ್ನೋದು. ಮೂವರಿಗೂ ಬೇರೆ ಬೇರೆ ಕಾಗದ ಬೇಕು. ಸೆನ್ಸರನ್ನು ಐಎಸ್‌ಒ/ಐಇಸಿ 17025 (ಪ್ರಯೋಗಾಲಯಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಟ್ ಮಾಡಿಸಿ, ಅಂದರೆ ಅದು ತೋರಿಸುವ ಅಳತೆ ಸರಿಯಿದೆಯಾ ಅಂತ ತಾಳೆ ನೋಡಿಸಿ. ಆ ಒಂದು ಆಸ್ಪತ್ರೆಯ ದಾಖಲೆ ಪೂರ್ತಿ ಕೊಡಿ, ಎಚ್ಚರಿಕೆ ತಪ್ಪಿದ ದಿನಗಳನ್ನೂ ಸೇರಿಸಿ. ನೀವು ಮುಚ್ಚಿದರೂ ಅವರ ಮಾಹಿತಿ ಅವರ ಕೈಗೆ ಸಿಗುತ್ತೆ ಅಂತ ಕರಾರಿನಲ್ಲಿ ಬರೆಯಿರಿ. ಅವರ ಹಳೆ ಥರ್ಮಾಮೀಟರ್, ರಿಜಿಸ್ಟರ್ ತೆಗೆಸಬೇಡಿ. ನಿಮ್ಮದು ಪಕ್ಕದಲ್ಲಿ ನಡೀಲಿ.

ಕೆ.ಆರ್.: ಇಷ್ಟು ಹೆದರಿಸಬೇಡಿ ಮೇಡಂ. ವಿದ್ಯುತ್ ದೀಪದ ಸಮಸ್ಯೆ ಬಗೆಹರಿಸಿದೆ ಅಂತ ಎಡಿಸನ್ 1878ರಲ್ಲೇ ಪತ್ರಿಕೆಗಳಿಗೆ ಹೇಳಿದ್ದ. ಬಾಳಿಕೆ ಬರುವ ದೀಪ ಆಗಿದ್ದು 1879ರಲ್ಲಿ. ಮೊದಲು ಹೇಳಿದ, ಆಮೇಲೆ ಮಾಡಿದ.

ಎಲ್.ಎನ್.: ಅರ್ಧ ಕಥೆ ಹೇಳಬೇಡಿ. ಜನ ಒಪ್ಪಿದ್ದು 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ದೀಪ ಉರಿದ ಮೇಲೆ. ಗ್ಯಾಸ್ ಕೊಳವೆ ಥರ ತಂತಿಯನ್ನು ನೆಲದೊಳಗೆ ಹಾಕಿಸಿದ, ಗ್ಯಾಸಿಗಿದ್ದಂತೆ ಮೀಟರ್ ಇಟ್ಟ. ಜನಕ್ಕೆ ಗೊತ್ತಿದ್ದ ರೂಪದಲ್ಲೇ ಹೊಸದನ್ನು ಕೊಟ್ಟ.

ಕೆ.ಆರ್.: ಅಲ್ಲಿವರೆಗೆ ಹೂಡಿಕೆದಾರರು ದುಡ್ಡು ಹಾಕಿದ್ದು ಯಾವುದನ್ನು ನಂಬಿ?

ಎಲ್.ಎನ್.: ಹೂಡಿಕೆದಾರರಿಗೆ ಅಪಾಯ ಗೊತ್ತಿರುತ್ತೆ. ಲಸಿಕೆ ಹಾಕಿಸಿಕೊಳ್ಳುವ ಮಗುವಿಗೆ ಗೊತ್ತಿರುತ್ತಾ?

ಕೆ.ಆರ್.: ಪಾಠ ಹೇಳೋಕೆ ನೀವು ಯಾವ ಕಂಪನಿ ಕಟ್ಟಿದ್ದೀರಿ ಸ್ವಾಮಿ?

ಎಲ್.ಎನ್.: ಒಂದು ಕಟ್ಟಿದ್ದೆ. ಮುಚ್ಚಿತು. ಇನ್ನೂ ಸಾಲ ತೀರಿಸ್ತಿದ್ದೀನಿ, ಅದಕ್ಕೇ ಮಾತಾಡ್ತಿದ್ದೀನಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಸಲಹೆಗಾರ್ತಿ: "ಮುಂದಿನ ವರ್ಷ ಮೂರು ಆಸ್ಪತ್ರೆಗೆ ಹೋಗ್ತೀವಿ" ಅಂತ ಬರೆದಿದ್ದರೆ ನನ್ನ ತಕರಾರಿರಲಿಲ್ಲ. "ಬಳಕೆಯಲ್ಲಿದೆ" ಅಂತ ಬರೆದಿದ್ದಾರೆ. ಇದರಲ್ಲಿ ಎಡಿಸನ್ನನ್ನು ಎಳೆದು ತರಬೇಡಿ.

ಜಿ.ಕೆ.: ಮೇಡಂ, ಇನ್ನೊಂದು ಒಳ್ಳೆ ಮೆಸೇಜ್ ಇದೆ, ಹಾಕಲಾ?

ಸಲಹೆಗಾರ್ತಿ: ಬೇಡ.

ಎಸ್.ಬಿ.: ನೋಂದಣಿ ವಿಷಯ ಸ್ವಲ್ಪ ವಿವರವಾಗಿ…

ಸಲಹೆಗಾರ್ತಿ: ಮೊದಲ ಉತ್ತರ ಓದಿ.

ಡಿ.ವಿ.: ಮೇಡಂ, ಈಗ ತಾನೇ ಫೋನ್ ಮಾಡಿ ನಿಜ ಹೇಳಿದೆ. ಸಿಟ್ಟಾದರು. ಆರ್ಡರ್ ತಡೆಹಿಡಿದಿದ್ದಾರೆ. ಕ್ಯಾಲಿಬ್ರೇಶನ್ ವರದಿ ಕೊಟ್ಟು, ಒಂದೇ ಫ್ರಿಜ್‌ನಲ್ಲಿ ಮೂರು ತಿಂಗಳು ನಡೆಸಿ ತೋರಿಸಿ ಅಂದರು, ದುಡ್ಡಿಲ್ಲದೆ. ಒಪ್ಪಲಾ?

ಸಲಹೆಗಾರ್ತಿ: ಒಪ್ಪಿ. ಮೂರು ತಿಂಗಳ ಕೊನೆಗೆ ಏನು ಕಂಡರೆ ಕೊಳ್ತಾರೆ, ಏನು ಕಂಡರೆ ಇಲ್ಲ ಅನ್ನೋದನ್ನು ಈಗಲೇ ಬರಹದಲ್ಲಿ ಕೇಳಿ.

ಎಂ.ಪಿ.: ನನ್ನ ಪ್ರಶ್ನೆ ಹಾಗೇ ಉಳೀತು.